ಮಡಿ ಉಟ್ಟ ಮೂಗು

"ಶೆಟ್ಟರೇ, ಮೂಗು ಇಲ್ಲಿಡಿ. ಕಣ್ಣು ಮುಚ್ಚಿ. ಹೆದರಬೇಡಿ, ಕಚ್ಚೋದಿಲ್ಲ!"

ಹೀಗೆಂದು ನನ್ನ ತಮ್ಮ ಪ್ರಾಣೇಶ ಒಂದು ರಬ್ಬರ್ ಕೊಳವೆಯ ತುದಿಯನ್ನು ನಂಜುಂಡಶೆಟ್ಟರ ಮೂಗಿನ ಕೆಳಗೆ ಹಿಡಿದ. ಶೆಟ್ಟರು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು, ನಮ್ಮ ಬೀದಿಯ ರಾಮಮಂದಿರಕ್ಕೆ ಕಾರ್ಯದರ್ಶಿಗಳು. ಅಂಥವರನ್ನು ನಮ್ಮ ವಠಾರದ ನಡುಮನೆಗೆ ಕರೆಸಿ, ಮಣೆ ಹಾಕಿ ಕೂರಿಸಿ, ಮೂಗಿಗೆ ಕೊಳವೆ ಹಿಡಿಯುವುದೆಂದರೆ! ದೇವರಮನೆಯ ಹೊಸಿಲಲ್ಲಿ ಹೂಬತ್ತಿ ಹೊಸೆಯುತ್ತಿದ್ದ ನಾನು ತಲೆಯೆತ್ತಲಿಲ್ಲ. ಎತ್ತಿದರೆ ಏನಾದರೂ ಅಂದುಬಿಡುತ್ತೇನೆ ಅನ್ನುವ ಭಯ.

ಆ ಕೊಳವೆ ಹೊರಟ ಪೆಟ್ಟಿಗೆ ಹೋದ ತಿಂಗಳವರೆಗೂ ನಮ್ಮಪ್ಪನ ಹಾರ್ಮೋನಿಯಂ ಆಗಿತ್ತು. ಅದರ ತಿದಿಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕಿತ್ತುಹಾಕಿ, ಒಳಗೊಂದು ಕರೆಂಟಿನ ಮೋಟಾರು ಕೂರಿಸಿದ್ದ. ಒಂದು ಬದಿಗೆ ಹಳೆಯ ಗ್ರಾಮೊಫೋನಿನ ಹಿತ್ತಾಳೆ ಕಹಳೆ. ಇನ್ನೊಂದು ಬದಿಗೆ ಎರಡು ಕೊಳವೆ: ಸಣ್ಣದು ಮೂಗಿಗೆ, ದಪ್ಪದು ಕಿಟಕಿಯಾಚೆಗೆ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಸೀಸೆ ತೊಳೆದು ನಿವೃತ್ತನಾದ ಮೇಲೆ ಇವನಿಗೆ ತಾನು ವಿಜ್ಞಾನಿ ಅನ್ನುವುದು ಗೊತ್ತಾಯಿತಂತೆ!

"ಇದರ ಹೆಸರು ಘ್ರಾಣಸ್ಮೃತಿ," ಎಂದ ಎದೆಯುಬ್ಬಿಸಿ. "ನೋಡಿ ಶೆಟ್ಟರೇ, ಕಣ್ಣಿಂದ ಬಂದದ್ದು, ಕಿವಿಯಿಂದ ಬಂದದ್ದು ಎಲ್ಲ ಮೆದುಳಿನ ಹೆಬ್ಬಾಗಿಲಲ್ಲಿ ನಿಂತು, ನಾನು ಇಂಥವನು ಅಂತ ಹೇಳಿಕೊಂಡು ಒಳಗೆ ಹೋಗಬೇಕು. ವಾಸನೆ ಹಾಗಲ್ಲ. ಹಿತ್ತಲ ಬಾಗಿಲಿಂದ ನುಗ್ಗಿ ನೆಟ್ಟಗೆ ನೆನಪಿನ ಕೋಣೆಗೆ, ಪಕ್ಕದಲ್ಲೇ ಇರೋ ಅಳು-ನಗುವಿನ ಕೋಣೆಗೆ ಹೋಗಿ ಕೂತುಬಿಡುತ್ತೆ! ಅದಕ್ಕೇ ಒಂದು ವಾಸನೆ ಬಂದರೆ ಐವತ್ತು ವರ್ಷದ ಹಿಂದಿನದು ಎದ್ದು ಬರುತ್ತೆ. ನನ್ನ ಯಂತ್ರ ಆ ವಾಸನೆಯನ್ನ ನೂರು ಪಟ್ಟು ಮಾಡುತ್ತೆ, ಅಷ್ಟೇ!"

ಕಹಳೆಯ ಮುಂದೆ ಏನನ್ನೋ ಇಟ್ಟ. ತಿದಿ ಒತ್ತಿದ. ಬುಸ್ ಎಂದಿತು.

ಶೆಟ್ಟರ ಮುಖ ಕೆಂಪಾಯಿತು, ಬೆಳ್ಳಗಾಯಿತು. ಮುಚ್ಚಿದ ಕಣ್ಣಿಂದ ನೀರು ಇಳಿಯಿತು. "ಛತ್ರ!" ಎಂದರು. "ಸೋದರಮಾವನ ಮದುವೆ... ಮೆಟ್ಟಿಲ ಮೇಲೆ ಹೊಸ ಚಪ್ಪಲಿ... ಥಳಥಳ ಅಂತಿತ್ತು... ಯಾರೂ ನೋಡ್ತಿರಲಿಲ್ಲ... ನಾನೇ ಮೆಟ್ಕೊಂಡು ಹೋದೆ!"

ನಡುಮನೆಯ ಕಂಬಕ್ಕೊರಗಿ ಕೂತಿದ್ದ ಗಮಕಿ ಸೀತಾಪತಯ್ಯನವರು ಮೆಲ್ಲಗೆ ಕೇಳಿದರು. "ಎಡಗಾಲಿನದಕ್ಕೆ ಎರಡು ಮೊಳೆ ಹೆಚ್ಚಿಗೆ ಹೊಡೆಸಿತ್ತಾ, ಶೆಟ್ಟರೇ?"

"ಹೌದು ಸ್ವಾಮಿ, ನಿಮಗೆ ಹೇಗೆ..."

"ಅದು ನನ್ನದು. ಬರಿಗಾಲಲ್ಲಿ ಕಿಬ್ಬನಹಳ್ಳಿವರೆಗೂ ನಡೆದೆ."

ಕಹಳೆಯ ಮುಂದೆ ಇದ್ದದ್ದು ಹೊಸ ಚಪ್ಪಲಿ! ನನ್ನ ದೇವರಮನೆಗೆ ನಾಲ್ಕು ಮಾರು ದೂರದಲ್ಲಿ ಚರ್ಮದ ಚಪ್ಪಲಿ!

"ಪ್ರಾಣೇಶಾ!" ಎಂದೆ.

"ವಿಜ್ಞಾನ ಕಣಕ್ಕಾ," ಎಂದ.

ಶೆಟ್ಟರು ಎದ್ದು ಶಲ್ಯ ಕೊಡವಿದರು. ದೊಡ್ಡ ಮನುಷ್ಯರಿಗೆ ಅವಮಾನವಾದರೆ ಆ ಸಿಟ್ಟು ಹೋಗಿ ಬೀಳುವುದು ಮೆತ್ತಗಿರುವವರ ಮೇಲೆ. "ಚಪ್ಪಲಿ ವಿಷಯ ಬಿಡಿ ಸ್ವಾಮಿ, ಮಂದಿರದ ವಾಚನ ಸಪ್ತಾಹದ ವಿಷಯಕ್ಕೆ ಬನ್ನಿ. ಹೋದ ವರ್ಷ ಮೂರು ಕಡೆ ಪದ್ಯ ಮರೆತು ನಿಂತಿರಿ. ಜನ ಎದ್ದುಹೋದರು. ಈ ಸಲ ಏಳು ದಿನದಲ್ಲಿ ನಡುವೆ ಒಂದೇ ಒಂದು ಸಲ ನಿಂತರೂ ಸರಿ, ಮುಂದಿನ ವರ್ಷದಿಂದ ಮಂದಿರದಲ್ಲಿ ಸ್ಪೀಕರ್ ಪೆಟ್ಟಿಗೆ. ಗುಂಡಿ ಒತ್ತಿದರೆ ಅದೇ ಓದುತ್ತೆ. ಕೆಮ್ಮೋದಿಲ್ಲ, ಮರೆಯೋದಿಲ್ಲ!" ಎಂದು ಹೊರಟುಹೋದರು.

ಸೀತಾಪತಯ್ಯನವರಿಗೆ ಎಪ್ಪತ್ತೊಂಬತ್ತು. ಕಣ್ಣು ಮಂಜಾಗಿ ಹತ್ತು ವರ್ಷ. ಮುಂದೆ ಪುಸ್ತಕ ಬಿಚ್ಚಿಡುವುದು ಅದಕ್ಕೆ ನಮಸ್ಕಾರ ಮಾಡುವುದಕ್ಕೆ ಮಾತ್ರ, ಓದುವುದೆಲ್ಲ ಬಾಯಿಪಾಠ. ನಾನು ಹುಟ್ಟಿದ ಮನೆಯಲ್ಲಿ ಜೋಗುಳಕ್ಕೂ ಷಟ್ಪದಿಯೇ. ಅಪ್ಪ ಹೋದ ಮೇಲೆ ಇವರ ವಾಚನ ಕೇಳುತ್ತ ಬಂದಿದ್ದೇನೆ. ಅವರು ಕಾಂಬೋದಿಯಲ್ಲಿ ಒಂದು ಸಾಲನ್ನು ಎತ್ತಿ ನಿಲ್ಲಿಸಿದರೆ ದೀಪದ ಕುಡಿ ಸಹ ನೆಟ್ಟಗಾಗುತ್ತಿತ್ತು. ಅಂಥವರ ಜಾಗದಲ್ಲಿ ಪೆಟ್ಟಿಗೆಯಂತೆ!

ಅವತ್ತು ಅವರು ಕಾಫಿ ಲೋಟ ಹಿಡಿದು ಹೇಳಿದ್ದು ಇಷ್ಟೇ. "ತಾಯೀ, ಪದ್ಯ ಒಳಗೇ ಇದೆ. ಬಾಗಿಲು ಯಾವುದು ಅಂತ ಗೊತ್ತಾಗ್ತಿಲ್ಲ."

ಪ್ರಾಣೇಶ ಎದೆ ಮೇಲೆ ಕೈಯಿಟ್ಟುಕೊಂಡ. "ಬಾಗಿಲು ನಾನು ತೋರಿಸ್ತೀನಿ ಸ್ವಾಮಿ! ಹಿತ್ತಲ ಬಾಗಿಲು!"

* * *

ಅವನ ಯೋಜನೆ ಹೀಗೆ. ಏಳು ದಿನದ ಕತೆಗೆ ಏಳು ವಾಸನೆ. ಮೊದಲ ದಿನದ ಸ್ವಯಂವರಕ್ಕೆ ಸಂಪಿಗೆ, ಬೇಟೆಗೆ ಲಾವಂಚ, ಕಾಡುವಾಸಕ್ಕೆ ಶ್ರೀಗಂಧ, ಯುದ್ಧಕ್ಕೆ ಇಂಗು, ರಾಣಿಯ ಶೋಕಕ್ಕೆ ಕರ್ಪೂರ, ಸಂಧಿಗೆ ಏಲಕ್ಕಿ, ಪಟ್ಟಾಭಿಷೇಕಕ್ಕೆ ತುಪ್ಪ. ಸೋಮವಾರಕ್ಕೊಂದರಂತೆ ಏಳು ಸೋಮವಾರ ನಮ್ಮ ನಡುಮನೆಯಲ್ಲಿ ಅಭ್ಯಾಸ. ಸೀತಾಪತಯ್ಯನವರು ಒಂದು ದಿನದ ಪದ್ಯಗಳನ್ನು ಹಾಡುವಾಗ ಯಂತ್ರ ಆ ದಿನದ ವಾಸನೆಯನ್ನು ಅವರ ಮೂಗಿಗೆ ಊದುತ್ತದೆ. ಮುಂದೆ ಸಪ್ತಾಹದಲ್ಲಿ ಅದೇ ವಾಸನೆ ಕೊಟ್ಟರೆ ಅದೇ ಪದ್ಯ ತಾನಾಗಿ ಬರುತ್ತದೆ!

"ಒಂದೇ ಸಮನೆ ಊದೋ ಹಾಗಿಲ್ಲ ಅಕ್ಕ," ಎಂದ. "ಎಡೆಬಿಡದೆ ಬಂದರೆ ಮೂಗು ಬೇಸತ್ತು ಮಲಗಿಬಿಡುತ್ತೆ. ಅದಕ್ಕೇ ಗುಟುಕು ಗುಟುಕಾಗಿ."

"ಊದೋದು ಇರಲಿ. ಈ ಕಹಳೆ ಏನು ಮಾಡುತ್ತೋ?"

"ಅದು ಯಂತ್ರದ ಮೂಗು. ಎದುರಿಗಿರೋ ವಾಸನೆಯನ್ನೆಲ್ಲ ಒಳಗೆಳೆಯುತ್ತೆ."

"ಅದರ ಎದುರಿಗೆ ಏನಿದೆ ನೋಡು!"

ನೋಡಿದ. ದೇವರಮನೆ ಇತ್ತು. ಮಣೆಯ ಮೇಲೆ ಪೂಜೆಗೆ ಬಿಡಿಸಿಟ್ಟ ಹೂಬುಟ್ಟಿ ಇತ್ತು.

"ಮೂಸಿದ ಹೂವು ದೇವರಿಗೆ ಆಗುತ್ತೇನೋ? ಬೀದಿಯ ಯಾವ ಮಗುವನ್ನಾದರೂ ಕೇಳು!"

"ಅಯ್ಯೋ ಅಕ್ಕ, ಯಂತ್ರ ಮೂಸಿದರೆ ಮೂಸಿದ ಹಾಗಲ್ಲ. ಅದಕ್ಕೇನು ಮೂಗಿದೆಯೇ?"

"ಈಗ ತಾನೇ ಮೂಗು ಅಂದೆ!"

"ಮಾತಿಗೆ ಅಂದೆ!"

"ನೂರು ಪಟ್ಟು ಎಳೆಯುತ್ತೆ ಅಂತಲೂ ಅಂದೆ. ಅಂದರೆ ಮನುಷ್ಯ ಒಂದು ಸಲ ಮೂಸಿದರೆ ಇದು ನೂರು ಸಲ ಮೂಸಿದ ಹಾಗಾಯ್ತು. ನೂರು ಸಲ ಮೂಸಿದ ಸಂಪಿಗೆಯನ್ನ ನನ್ನ ದೇವರ ತಲೆ ಮೇಲೆ ಇಡಿಸ್ತೀಯೇನೋ ಪಾಪಿ?"

ಯಂತ್ರವನ್ನು ಬೇರೆ ಕಡೆ ಇಡಲು ಪ್ಲಗ್ಗು ಇಲ್ಲವಂತೆ. ದೇವರನ್ನು ಬೇರೆ ಕಡೆ ಇಡಲು ನಾನು ಒಪ್ಪುತ್ತೇನೆಯೇ? ಕೊನೆಗೆ ನಾನೇ ದಾರಿ ಕಂಡುಕೊಂಡೆ. ದೇವಸ್ಥಾನದ ಅಡಿಗೆಯವರು ನೈವೇದ್ಯದ ಘಮ ಮೂಗಿಗೆ ತಾಕದಿರಲಿ ಅಂತ ಬಟ್ಟೆ ಕಟ್ಟಿಕೊಳ್ಳುವುದಿಲ್ಲವೇ? ಹಾಗೆ. ಬೆಳಿಗ್ಗೆ ಬಾವಿನೀರಲ್ಲಿ ಜಾಲಿಸಿ ಹಿಂಡಿದ ಮಡಿ ಬಟ್ಟೆಯನ್ನು ಗಳುವಿನಿಂದ ಮಡಿಕೋಲಲ್ಲಿ ಇಳಿಸಿ, ಒದ್ದೆಯದನ್ನೇ ತಂದು ಕಹಳೆಯ ಬಾಯಿಗೆ ಎರಡು ಸುತ್ತು ಬಿಗಿದು ಕಟ್ಟಿದೆ. ಯಂತ್ರವೂ ಮಡಿ, ಹೂವೂ ಮಡಿ.

ಪ್ರಾಣೇಶ ತಿದಿ ಒತ್ತಿ ನೋಡಿದ. "ಗಾಳಿ ಆಡುತ್ತೆ. ಇರಲಿ ಬಿಡು," ಎಂದ.

ಇರಲಿ ಬಿಡು ಅಂದದ್ದು ಅವನು! ಇದನ್ನು ನೆನಪಿಡಬೇಕು.

* * *

ಏಳು ಸೋಮವಾರ ನಡೆಯಿತು. ಸೀತಾಪತಯ್ಯನವರು ಮಣೆಯ ಮೇಲೆ ಕೂತು, ಕೊಳವೆಯನ್ನು ಮೂಗಿಗೆ ಹಿಡಿದುಕೊಂಡು ಹಾಡುತ್ತಿದ್ದರು. ತಡವರಿಸಿದ ಕಡೆ ನನ್ನತ್ತ ತಿರುಗುತ್ತಿದ್ದರು. ನಾನು ಪುಸ್ತಕ ನೋಡಿ ಒಂದು ಶಬ್ದ ಪಿಸುಗುಟ್ಟಿದರೆ ಸಾಕು, ಮುಂದಿನದು ಹರಿಯುತ್ತಿತ್ತು. ಮಿಕ್ಕ ಗಾಳಿ ದಪ್ಪ ಕೊಳವೆಯಿಂದ ವಠಾರದ ಅಂಗಳಕ್ಕೆ ಬುಸ್ ಬುಸ್ ಅಂತ ಹೋಗುತ್ತಿತ್ತು. ಅಂಗಳದಲ್ಲಿ ಹನ್ನೊಂದು ಮನೆಯವರೂ ಇರುತ್ತಿದ್ದರು. ಅಕ್ಕಿ ಆರಿಸುವವರು, ಪಾತ್ರೆ ಬೆಳಗುವವರು, ಸುಮ್ಮನೆ ಕೂತವರು. ಎದುರು ಮನೆಯ ಪಂಕಜ ಹಪ್ಪಳ ಒತ್ತುತ್ತ, "ಈ ಸಲ ಪದ್ಯ ಎಷ್ಟು ಚೆನ್ನಾಗಿ ಮನಸ್ಸಲ್ಲಿ ಉಳಿಯುತ್ತೆ ಅಲ್ವಾ ತುಂಗಮ್ಮ?" ಎಂದಳು. ನನಗೂ ಸಂತೋಷವೇ ಆಯಿತು.

ಆರನೆಯ ಸೋಮವಾರ ಸೀತಾಪತಯ್ಯನವರು ಕೇಳಿದರು. "ಪ್ರಾಣೇಶಪ್ಪ, ಇವತ್ತು ಯಾವ ವಾಸನೆ?"

"ಏಲಕ್ಕಿ ಸ್ವಾಮಿ! ಘಮ್ ಅಂತಿಲ್ವೇ?"

"ಅಂತಿದೆ, ಅಂತಿದೆ," ಎಂದರು ಅವರು. ದೊಡ್ಡವರು, ಸಂಕೋಚದ ಸ್ವಭಾವ. ಇನ್ನೊಬ್ಬರ ಶ್ರಮವನ್ನು ಅಲ್ಲಗಳೆಯುವವರಲ್ಲ.

* * *

ಸಪ್ತಾಹದ ಮೊದಲ ದಿನ ಸಂಜೆ ನಾಲ್ಕಕ್ಕೆ ಮಂದಿರ ತುಂಬಿತ್ತು. ವಠಾರದವರೆಲ್ಲ ಮುಂದಿನ ಸಾಲಲ್ಲಿ. ಒಂದು ಮೂಲೆಯಲ್ಲಿ ಶೆಟ್ಟರು ಆಗಲೇ ತರಿಸಿದ್ದ ಸ್ಪೀಕರ್ ಪೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ಶೆಟ್ಟರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಕೈಗಡಿಯಾರ ನೋಡಿಕೊಳ್ಳುತ್ತ ಕೂತಿದ್ದರು.

ಸೀತಾಪತಯ್ಯನವರು ಪುಸ್ತಕಕ್ಕೆ ನಮಸ್ಕರಿಸಿದರು. ಪ್ರಾಣೇಶ ಕಹಳೆಯ ಮುಂದೆ ಸಂಪಿಗೆ ಇಟ್ಟು ತಿದಿ ಒತ್ತಿದ. ಮಂದಿರವೆಲ್ಲ ಘಮ್ಮೆಂದಿತು. ಎಲ್ಲರೂ ಆಹಾ ಎಂದರು.

ಸೀತಾಪತಯ್ಯನವರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

ಏನೂ ಬರಲಿಲ್ಲ.

ಪ್ರಾಣೇಶ ಇನ್ನಷ್ಟು ಒತ್ತಿದ. ಸಂಪಿಗೆ ಯಾವ ಮಟ್ಟಕ್ಕೆ ಬಂತೆಂದರೆ ಹಿಂದಿನ ಸಾಲಿನಲ್ಲಿ ಇಬ್ಬರಿಗೆ ತಲೆನೋವು ಶುರುವಾಯಿತು. ಹಿರಿಯರು ಪುಸ್ತಕದ ಮೇಲಿಟ್ಟ ಬೆರಳು ಕುರುಡಾಗಿ ಸಾಲುಗಳ ಮೇಲೆ ಓಡಾಡುತ್ತಿತ್ತು. ಶೆಟ್ಟರು ಕುರ್ಚಿಯಿಂದೆದ್ದು ಪೆಟ್ಟಿಗೆಯ ಗುಂಡಿಯ ಹತ್ತಿರ ಬೆರಳು ಕೊಂಡೊಯ್ದರು.

ಆಗ ನಾನು ನೋಡಿದೆ. ಕಹಳೆಗೆ ಬಟ್ಟೆಯೇ ಇಲ್ಲ! ಬತ್ತಲೆ ಕಹಳೆ! ಮಂಗಳಾರತಿಗೆ ಇಟ್ಟ ಹೂವಿನ ತಟ್ಟೆಯ ಕಡೆಗೇ ಬಾಯಿ ತೆರೆದುಕೊಂಡು ದೇವರ ಹೂವನ್ನೆಲ್ಲ ಮೂಸುತ್ತ ನಿಂತಿದೆ! ಇದೇ ಅನಾಚಾರಕ್ಕೆ ಪದ್ಯ ಬರುತ್ತಿಲ್ಲ ಅನ್ನಿಸಿತು ನನಗೆ. ಹೀಗೇ ಆಗುತ್ತದೆಂದು ತಾಮ್ರದ ಬಿಂದಿಗೆಯಲ್ಲಿ ಹಿಂಡಿದ ಮಡಿ ಬಟ್ಟೆಯನ್ನು ತಂದೇ ಇದ್ದೆ. ಎದ್ದೆ, ಹೋದೆ, ಕಹಳೆಗೆ ಬಿಗಿದು ಕಟ್ಟಿದೆ.

"ಅಕ್ಕಾ, ಈಗ ಬೇಡ!" ಎಂದ ಪ್ರಾಣೇಶ.

"ಒತ್ತೋ!" ಎಂದೆ.

ಒತ್ತಿದ.

ಸೀತಾಪತಯ್ಯನವರ ಬೆನ್ನು ನೆಟ್ಟಗಾಯಿತು. ಕತ್ತೆತ್ತಿದರು. ಆಹಾ, ಎಂಥ ಕಾಂಬೋದಿ! ರಾಜಕುಮಾರಿ ಹೂಮಾಲೆ ಹಿಡಿದು ಸಭೆಗೆ ಬಂದಳು. ನನ್ನ ಕಣ್ಣು ತುಂಬಿತು. ಎರಡನೆಯ ಪದ್ಯದಲ್ಲಿ ರಾಜಕುಮಾರಿ ಅದೇ ಮಾಲೆಯನ್ನು ಬೀಸಿ ಆನೆಯ ಸೊಂಡಿಲನ್ನು ಕತ್ತರಿಸಿದಳು. ಮೂರನೆಯದರಲ್ಲಿ ಸತ್ತ ಆನೆಗೆ ಪಟ್ಟಾಭಿಷೇಕವಾಯಿತು. ನಾಲ್ಕನೆಯದರಲ್ಲಿ ಜಿಂಕೆ ಓಡಿಬಂದು ಸಂಧಿಯ ಮಾತಾಡಿತು!

"ಸ್ವಾಮಿ, ಸ್ವಲ್ಪ ನಿಧಾನ!" ಎಂದು ಪ್ರಾಣೇಶ ಕೂಗಿದ.

ನಿಧಾನವೇ! ಏಳು ದಿನದ ಪದ್ಯಗಳೂ ಒಂದೇ ಬಾಗಿಲಲ್ಲಿ ನುಗ್ಗಿ ಬರುತ್ತಿದ್ದವು. ಪ್ರಾಣೇಶ ತಿದಿಯಿಂದ ಕೈ ತೆಗೆದ, ಅದು ನಿಲ್ಲಲಿಲ್ಲ. ಪ್ಲಗ್ಗು ಕಿತ್ತ, ಆದರೂ ಒಳಗಿದ್ದ ಗಾಳಿಯನ್ನು ಬುಸ್ ಬುಸ್ ಅಂತ ಊದುತ್ತಲೇ ಇತ್ತು. ದಪ್ಪ ಕೊಳವೆ ಇದ್ದದ್ದು ಮುಂದಿನ ಸಾಲಿನ ಕಡೆಗೆ.

ಮೊದಲು ಎದ್ದವಳು ಪಂಕಜ. ನಾಲ್ಕು ಜನರೆದುರು ಮಾತಾಡಲು ನಾಚುವವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ರಾಕ್ಷಸನನ್ನು ಯುದ್ಧಕ್ಕೆ ಕರೆದಳು! ಅವಳ ಗಂಡ ಬೇಟೆಗೆ ಹೊರಟ. ನಮ್ಮ ವಠಾರದ ಹಾಲಿನವನು ರಾಣಿಯ ಪರವಾಗಿ ಎದೆ ಬಡಿದುಕೊಂಡ. ವಠಾರದ ನಲವತ್ತು ಜನವೂ ನಲವತ್ತು ಕಡೆಯಿಂದ, ನಲವತ್ತು ರಾಗದಲ್ಲಿ! ಶಬ್ದ ಒಂದೂ ತಪ್ಪಿಲ್ಲ, ಪ್ರಾಸ ಒಂದೂ ಬಿಟ್ಟಿಲ್ಲ. ವಠಾರಕ್ಕೆ ಸೇರದವರು ಮಾತ್ರ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಮೊದಲ ಒಂದು ಗಂಟೆ ಅಷ್ಟೇ. ಆಮೇಲೆ ನೂರು ಪಟ್ಟಿನ ಆ ಗಾಳಿ ಕುಡಿದು, ಕಿವಿಗೆ ಬಿದ್ದದ್ದೆಲ್ಲ ಅಂಟಿಕೊಂಡು, ಅವರೂ ಶುರುಮಾಡಿದರು. ಶೆಟ್ಟರು ಪೆಟ್ಟಿಗೆಯನ್ನು ತಬ್ಬಿಕೊಂಡು, ಕಾಲು ಕುಣಿಸುತ್ತ, ನಾದನಾಮಕ್ರಿಯೆಯಲ್ಲಿ, "ಎನ್ನ ರಾಯನೇ, ಎಲ್ಲಿ ಹೋದೆ!" ಎಂದು ಗೋಳೋ ಅಂತ ಅಳುತ್ತಿದ್ದರು.

ಮುಗಿದಾಗ ಒಂಬತ್ತು ಗಂಟೆ. ಏಳು ದಿನದ ಕತೆ ಐದು ಗಂಟೆಯಲ್ಲಿ ಖಾಲಿಯಾಗಿತ್ತು.

* * *

ಆಮೇಲೆ ನಡೆದ ಜಗಳ ಕೇಳಿ.

ಪ್ರಾಣೇಶ ಕಹಳೆಯಿಂದ ಬಟ್ಟೆ ಬಿಚ್ಚಿ ಮೂಸಿದ. ಅವನ ಮುಖ ಇಳಿಯಿತು. "ಅಕ್ಕ, ಏಳು ವಾರವೂ ಇದನ್ನೇ ಕಟ್ಟಿದ್ದೆಯಲ್ಲ. ಸಂಪಿಗೆ, ಇಂಗು, ಏಲಕ್ಕಿ ಯಾವುದೂ ಒಳಗೇ ಹೋಗಿಲ್ಲ! ಏಳು ಕತೆಗೂ ಒಂದೇ ವಾಸನೆ ಅಂಟಿಕೊಂಡಿದೆ! ನಿನ್ನ ಒದ್ದೆ ಬಟ್ಟೆಯ ವಾಸನೆ!"

"ಏನಂದೆ? ನನ್ನ ಮಡಿ ಬಟ್ಟೆಗೆ ವಾಸನೆಯೇ?"

"ಇದೆಯಕ್ಕ. ಬಾವಿನೀರು, ಹಳೇ ಬಿದಿರು ಗಳು, ಬಿಸಿಲು ಕಾಣದ ಮುಗ್ಗಲು..."

"ಮುಗ್ಗಲು! ನಲವತ್ತು ವರ್ಷದಿಂದ ಉಡ್ತಾ ಇದ್ದೀನಿ, ಒಂದು ದಿನ ನನಗೆ ಗೊತ್ತಾಗಲಿಲ್ಲ, ನಿನಗೆ ಗೊತ್ತಾಯ್ತೇನೋ?"

"ನಲವತ್ತು ವರ್ಷದಿಂದ ಉಟ್ಟಿದ್ದಕ್ಕೇ ಗೊತ್ತಾಗಲ್ಲ! ನಿನ್ನ ಮೂಗು ಅದಕ್ಕೆ ಮಲಗಿಬಿಟ್ಟಿದೆ! ನೋಡು, ಮಂದಿರದಲ್ಲಿ ಎಲ್ಲರೂ ಹಾಡಿದರು, ನೀನೊಬ್ಬಳು ಬಾಯಿ ಬಿಡಲಿಲ್ಲ!"

ಸಭೆಯಲ್ಲಿ ಬಾಯಿ ಬಿಡದಿರುವುದು ಮರ್ಯಾದೆ ಅಂತ ಕಲಿತವಳು ನಾನು. ಅದನ್ನು ಮೂಗಿನ ರೋಗ ಅಂದುಬಿಟ್ಟ! ಸೀತಾಪತಯ್ಯನವರ ಕಡೆ ತಿರುಗಿದೆ. "ಸ್ವಾಮಿ, ನೀವೇ ಹೇಳಿ. ವಾಸನೆ ಇತ್ತೇ?"

ಅವರು ತಲೆ ತಗ್ಗಿಸಿದರು. "ಇತ್ತು ತಾಯಿ. ದೇವರಮನೆಯ ಯಂತ್ರ, ಹೀಗೇ ಇರಬೇಕು ಅಂದುಕೊಂಡೆ."

ಅಷ್ಟರಲ್ಲಿ ಶೆಟ್ಟರು ಕಣ್ಣೊರೆಸಿಕೊಂಡು ಬಂದರು. ಗಂಟಲು ಕಟ್ಟಿತ್ತು. "ಮೊದಲಿಗೆ ಐದು ನಿಮಿಷ ಸುಮ್ಮನಿದ್ದಿರಿ ಸ್ವಾಮಿ. ನನ್ನ ಗಡಿಯಾರ ಇದೆ. ನಿಂತಿರಿ ಅಂತಲೇ ಲೆಕ್ಕ. ಮಾತು ಅಂದರೆ ಮಾತು, ಮುಂದಿನ ವರ್ಷ..."

ಸೀತಾಪತಯ್ಯನವರು ಪುಸ್ತಕವನ್ನು ಮಡಿಚಿ ಬಟ್ಟೆ ಸುತ್ತತೊಡಗಿದರು. ಆ ಕೈಗಳನ್ನು ನೋಡಲಾಗಲಿಲ್ಲ ನನಗೆ. ಅರವತ್ತೈದು ವರ್ಷದಲ್ಲಿ ಮೊದಲ ಸಲ ಸಭೆಯ ನಡುವೆ ದನಿಯೆತ್ತಿದೆ.

"ಶೆಟ್ಟರೇ! ನೀವು ಅಂದದ್ದು ನಡುವೆ ನಿಂತರೆ ಅಂತ. ಶುರುವೇ ಆಗದ್ದು ನಡುವೆ ನಿಲ್ಲೋದು ಹೇಗೆ? ಶುರುವಾದ ಮೇಲೆ ಐದು ಗಂಟೆ ಒಂದು ಉಸಿರಿಗೂ ನಿಲ್ಲಲಿಲ್ಲ ಅವರು. ನಿಮ್ಮ ಪೆಟ್ಟಿಗೆ ಓದಲಿ ನೋಡೋಣ, ಮಂದಿರದ ಜನವೆಲ್ಲ ಎದ್ದು ನಿಂತು ಹಾಡ್ತಾರೇನು? ಪರರ ಚಪ್ಪಲಿ ಮೆಟ್ಟಿದ ಕಾಲು ಅಳ್ತಾ ಅಳ್ತಾ ಕುಣಿಯುತ್ತೇನು?"

ಶೆಟ್ಟರು ತಮ್ಮ ಪಾದಗಳನ್ನು ನೋಡಿಕೊಂಡರು. "ಅದೂ ಸರಿಯೇ," ಎಂದರು ಕೊನೆಗೆ. "ಆದರೆ ಮಿಕ್ಕ ಆರು ದಿನ ಏನು ಓದ್ತೀರಿ? ಎಲ್ಲ ಕಲಸಿಹೋಯ್ತಲ್ಲ!"

ಮಾರನೆಯ ದಿನದಿಂದ ಹೊಸ ಕ್ರಮ ಬಂತು. ಸೀತಾಪತಯ್ಯನವರು ನಡುವೆ ಕೂತು ಒಬ್ಬೊಬ್ಬರನ್ನೇ ಕರೆದರು. "ಪಂಕಜಾ, ನಿನ್ನ ಬಾಯಲ್ಲಿ ಏನಿದೆಯಮ್ಮಾ?" "ಸ್ವಯಂವರದ ಹನ್ನೆರಡನೆಯದು ಇದೆ ಸ್ವಾಮಿ, ಯುದ್ಧದ ಎರಡು ಇವೆ." "ಯುದ್ಧ ನಾಲ್ಕನೇ ದಿನಕ್ಕೆ ಇಟ್ಟುಕೋ. ಹನ್ನೆರಡನೆಯದನ್ನ ಕೊಡು." ಹೀಗೆ ಊರ ಬಾಯಲ್ಲಿ ಚೆಲ್ಲಿದ್ದನ್ನೆಲ್ಲ ಹೆಕ್ಕಿ ಹೆಕ್ಕಿ ಸಾಲಿಗೆ ತಂದರು. ಅವರು ಮರೆತ ಕಡೆ ಹಾಲಿನವನು ಎತ್ತಿಕೊಟ್ಟ. ಹಾಲಿನವನು ತಡವರಿಸಿದ ಕಡೆ ಶೆಟ್ಟರು. ಆರು ದಿನವೂ ಅವರು ಒಮ್ಮೆಯೂ ನಿಲ್ಲಲಿಲ್ಲ. ನಿಲ್ಲಲು ಯಾರೂ ಬಿಡಲಿಲ್ಲ! ಸ್ಪೀಕರ್ ಪೆಟ್ಟಿಗೆಯನ್ನು ಶೆಟ್ಟರು ಮಂಡಿಗೆ ಸಾಗಿಸಿದರು. ಗಮಕಿಗಳ ಮಣೆ ಗಮಕಿಗಳಿಗೇ ಉಳಿಯಿತು. ಅದೊಂದಕ್ಕೆ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

* * *

ಆದರೆ ಅಂಟಿದ ವಾಸನೆ ಬಿಡಬೇಕಲ್ಲ! ನೂರು ಪಟ್ಟಿನ ಅಂಟು ನೂರು ವರ್ಷ ಇರುತ್ತದಂತೆ, ಪ್ರಾಣೇಶ ಹೆಮ್ಮೆಯಿಂದ ಹೇಳುತ್ತಾನೆ. ಈಗ ವಠಾರದಲ್ಲಿ ಯಾರು ಬಟ್ಟೆ ಒಗೆದು ಹರವಿದರೂ ಹನ್ನೊಂದು ಮನೆಯಿಂದ ಷಟ್ಪದಿ ಏಳುತ್ತದೆ. ಮಳೆ ಬಂದು ಬಟ್ಟೆ ಒಣಗದ ದಿನಗಳಲ್ಲಂತೂ ಬೆಳಿಗ್ಗೆಯಿಂದ ಸಂಜೆಯವರೆಗೆ ಮಹಾಯುದ್ಧ. ಶೆಟ್ಟರ ಪಂಚೆಗೆ ನೀರು ಸಿಡಿದರೆ ಕೊಬ್ಬರಿ ಹರಾಜು ನಿಂತು ರಾಣಿಯ ಶೋಕ ಶುರುವಾಗುತ್ತದೆ. ಮಂದಿರದ ಅರ್ಚಕರ ಪಾಡು ಕೇಳಲೇಬಾರದು. ಪಾಪ, ಒದ್ದೆ ಪಂಚೆ ಉಟ್ಟೇ ಅಭಿಷೇಕ ಮಾಡಬೇಕು. ಮಂತ್ರಕ್ಕೆಂದು ಬಾಯಿ ತೆರೆದರೆ ರಾಜಕುಮಾರಿ ಮಾಲೆ ಹಿಡಿದು ಬರುತ್ತಾಳೆ. ರಾಮದೇವರಿಗೆ ವಾರಕ್ಕೆ ಏಳು ಸಲ ಸ್ವಯಂವರ!

ಸೀತಾಪತಯ್ಯನವರು ಈಗ ಪ್ರತಿ ಏಕಾದಶಿಗೂ ವಾಚನ ಇಟ್ಟುಕೊಂಡಿದ್ದಾರೆ. ಬರುವವರೆಲ್ಲ ಹಾಡುವವರೇ. ಹೇಳಿದ ಹೊತ್ತಿಗಿಂತ ಮೊದಲೇ ಬಂದು ವೇದಿಕೆಯ ಮೇಲೆ ಕೂತುಬಿಡುತ್ತಾರೆ, ಜಾಗಕ್ಕೆ ಜಗಳ ಬೇರೆ. ಕೆಳಗೆ ಹಾಸಿದ ಜಮಖಾನದ ಮೇಲೆ ಸುಮ್ಮನೆ ಕೂತು ಕೇಳುವವಳು ಊರಿಗೆಲ್ಲ ನಾನೊಬ್ಬಳು.

ಹೋದ ಏಕಾದಶಿಗೆ ನನಗೆ ಜ್ವರ. ಮಲಗಿದ್ದೆ. ಅರವತ್ತೆರಡು ಜನ ವೇದಿಕೆಯಿಂದಿಳಿದು ಮನೆಗೆ ಹೋದರಂತೆ. ಕೋರಂ ಇರಲಿಲ್ಲವಂತೆ.